ಅನಿಷ್ಟವೆಂಬ ಅಭಕ್ಷ್ಯ: ಸಸ್ಯಾಹಾರ, ರಕ್ತದೊತ್ತಡ ಮತ್ತು ಶ್ರಾವಕಾಚಾರ

ಸಸ್ಯಾಹಾರದಿಂದ ರಕ್ತದೊತ್ತಡ ಇಳಿಯುತ್ತದೆ, ಮೆದುಳಿನ ಆರೋಗ್ಯ ಉಳಿಯುತ್ತದೆ ಎಂಬ ವೈದ್ಯಕೀಯ ವರದಿ ಪ್ರಕಟವಾದಾಗಲೆಲ್ಲ ಜೈನ ಸಭೆಗಳಲ್ಲಿಯೂ ಸ್ಮರಣ ಸಂಚಿಕೆಗಳಲ್ಲಿಯೂ ಒಂದು ಮಾತು ಕೇಳಿಬರುತ್ತದೆ. ಆಚಾರ್ಯರು ಸಾವಿರಾರು ವರ್ಷಗಳ ಹಿಂದೆಯೇ ಹೇಳಿದ್ದನ್ನು ವಿಜ್ಞಾನ ಈಗ ಒಪ್ಪಿಕೊಂಡಿದೆ ಎಂಬುದೇ ಆ ಮಾತು. ಅದರ ಹಿಂದಿರುವ ಅಭಿಮಾನ ಸಹಜವಾದುದು. ಆದರೆ ಶಾಸ್ತ್ರವನ್ನು ಶಾಸ್ತ್ರವಾಗಿಯೂ ವಿಜ್ಞಾನವನ್ನು ವಿಜ್ಞಾನವಾಗಿಯೂ ಓದುವವರಿಗೆ ಈ ಮಾತು ಎರಡಕ್ಕೂ ನ್ಯಾಯ ಸಲ್ಲಿಸುವಂತೆ ತೋರುವುದಿಲ್ಲ.

ಮೊದಲನೆಯದು ಕಾಲದ ಪ್ರಶ್ನೆ. ರಕ್ತದೊತ್ತಡವನ್ನು ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಸುಲಭ ಸಾಧನವನ್ನು ಇಟಲಿಯ ರಿವಾ-ರೊಚ್ಚಿ ರೂಪಿಸಿದ್ದು 1896ರಲ್ಲಿ. ಮೇಲಿನ ಮತ್ತು ಕೆಳಗಿನ ಒತ್ತಡಗಳೆರಡನ್ನೂ ಸ್ಟೆತಸ್ಕೋಪಿನಿಂದ ಆಲಿಸಿ ಗುರುತಿಸುವ ಕ್ರಮವನ್ನು ರಷ್ಯಾದ ಕೊರೊಟ್ಕಾಫ್ ತಿಳಿಸಿದ್ದು 1905ರಲ್ಲಿ. ಅದಕ್ಕೆ ಮುಂಚಿನ ಯಾವ ವೈದ್ಯಗ್ರಂಥದಲ್ಲಿಯೂ ಇಂದಿನ ಅರ್ಥದ 'ಅಧಿಕ ರಕ್ತದೊತ್ತಡ'ವನ್ನು ಹುಡುಕುವುದು ವ್ಯರ್ಥ. ಪ್ರಾಚೀನ ಗ್ರಂಥಗಳ 'ರಕ್ತಪಿತ್ತ'ವೇ ಇಂದಿನ ರಕ್ತದೊತ್ತಡವೆಂದು ಬರೆಯುವವರಿದ್ದಾರೆ. ಮೂಗು, ಬಾಯಿ ಮೊದಲಾದ ದ್ವಾರಗಳಿಂದ ರಕ್ತ ಸ್ರವಿಸುವ ವ್ಯಾಧಿಗೆ ಆ ಹೆಸರು. ಪದಸಾಮ್ಯವನ್ನು ಅರ್ಥಸಾಮ್ಯವೆಂದು ಬಗೆಯುವ ಈ ದೋಷವನ್ನು ಸಾಹಿತ್ಯದ ವಿದ್ಯಾರ್ಥಿಗಳಾದರೂ ಗುರುತಿಸಬೇಕು.

ಹಾಗಾದರೆ ಜೈನ ವೈದ್ಯಕವಿಗಳು ಮಾಡಿದ್ದೇನು? ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯನು ತನ್ನ ಸಂಸ್ಕೃತ 'ಕಲ್ಯಾಣಕಾರಕ'ಕ್ಕೆ 'ಹಿತಾಹಿತ'ವೆಂಬ ಭಾಗವನ್ನು ಸೇರಿಸಿ, ರಾಜಸಭೆಯಲ್ಲಿ ಮಾಂಸಭಕ್ಷಣದ ನಿಷ್ಫಲತೆಯನ್ನು ಪ್ರತಿಪಾದಿಸಿದನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂದು ಕನ್ನಡಿಸಿದಾಗ ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸಾಕ್ರಮವನ್ನು ಕನ್ನಡಕ್ಕೆ ತಂದನು. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ' ಸಸ್ಯಾಹಾರದ ಅಡಿಗೆಯನ್ನು ರುಚಿವೈವಿಧ್ಯದ ಕಲೆಯಾಗಿ ಕಂಡಿತು. ಇವರಲ್ಲಿ ಉಗ್ರಾದಿತ್ಯನ ಮಾರ್ಗ ವಿಶೇಷವಾಗಿ ಗಮನಾರ್ಹ. ವೈದ್ಯರ ಸಭೆಯಲ್ಲಿ ಅವನು ವೈದ್ಯಶಾಸ್ತ್ರದ ಹೇತುಗಳಿಂದಲೇ ವಾದಿಸಿದನು. ಧರ್ಮದ ಆಜ್ಞೆಯನ್ನು ಚಿಕಿತ್ಸೆಯ ಪ್ರಮಾಣವಾಗಿ ಮುಂದಿಟ್ಟು ಸುಮ್ಮನಾಗಲಿಲ್ಲ.

ಧರ್ಮದ ಕಾರಣ ಬೇರೆ, ದೇಹದ ಕಾರಣ ಬೇರೆ ಎಂಬ ಈ ವಿವೇಕ ಶ್ರಾವಕಾಚಾರದಲ್ಲಿಯೇ ಇದೆ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ವು ಮೂಲಂಗಿ, ಹಸಿಶುಂಠಿ ಮೊದಲಾದವುಗಳನ್ನು ಬಿಡಬೇಕೆನ್ನುವುದು ಅವು ರೋಗಕಾರಕವೆಂದಲ್ಲ. ದೊರೆಯುವ ಫಲ ಅಲ್ಪ, ಆಗುವ ಜೀವಘಾತ ಬಹಳವೆಂದು. ಅದರ ಬೆನ್ನಿಗೇ, ತನಗೆ ಅನಿಷ್ಟವಾದುದನ್ನೂ ಬಿಡಬೇಕೆಂಬ ವಿಧಿ ಬರುತ್ತದೆ. ಪರಂಪರೆಯು ಅಭಕ್ಷ್ಯವನ್ನು ತ್ರಸಘಾತ, ಬಹುಘಾತ, ಪ್ರಮಾದಕಾರಕ, ಅನಿಷ್ಟ, ಅನುಪಸೇವ್ಯವೆಂದು ಐದಾಗಿ ವಿಂಗಡಿಸುತ್ತದೆ. ಮೊದಲೆರಡರ ಪ್ರಶ್ನೆ ಅನ್ಯಜೀವದ್ದು. 'ಅನಿಷ್ಟ'ದ ಪ್ರಶ್ನೆ ಉಣ್ಣುವವನ ದೇಹದ್ದು: ಹಿಂಸೆಯ ದೋಷವಿಲ್ಲದಿದ್ದರೂ ಅವನ ಪ್ರಕೃತಿಗೆ ಒಗ್ಗದುದು ಅವನಿಗೆ ಅಭಕ್ಷ್ಯ. ಒಬ್ಬನಿಗೆ ಅನಿಷ್ಟವಾದುದು ಇನ್ನೊಬ್ಬನಿಗೆ ಪಥ್ಯವಾಗಬಹುದು. ಆಧುನಿಕ ವೈದ್ಯವಿಜ್ಞಾನದ ಫಲಿತಾಂಶಗಳಿಗೆ ಜೈನ ಆಹಾರವಿಚಾರದಲ್ಲಿ ಸಲ್ಲಬೇಕಾದ ಸ್ಥಾನ ಈ ನಾಲ್ಕನೆಯ ವಿಭಾಗದಲ್ಲಿದೆ. ಮೊದಲೆರಡರ ಸಮರ್ಥನೆಗೆ ಅವುಗಳ ಸಾಕ್ಷ್ಯ ಬೇಕಿಲ್ಲ.

ಆ ಫಲಿತಾಂಶಗಳಾದರೂ ಏನನ್ನು ಹೇಳುತ್ತವೆ? ಅಮೆರಿಕದಲ್ಲಿ 'ಡ್ಯಾಶ್' ಎಂಬ ಹೆಸರಿನಿಂದ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 459 ವಯಸ್ಕರಿಗೆ ಎಂಟು ವಾರ ನಿಯತ ಆಹಾರವನ್ನು ನೀಡಲಾಯಿತು. ಉಪ್ಪಿನ ಪ್ರಮಾಣವನ್ನೂ ದೇಹತೂಕವನ್ನೂ ಬದಲಿಸದೆ, ಹಣ್ಣು, ತರಕಾರಿ ಮತ್ತು ಕಡಿಮೆ ಕೊಬ್ಬಿನ ಹಾಲಿನ ಪದಾರ್ಥಗಳನ್ನು ಹೆಚ್ಚಿಸಿ, ಒಟ್ಟು ಕೊಬ್ಬನ್ನು ತಗ್ಗಿಸಿದವರಲ್ಲಿ ಮೇಲಿನ ಒತ್ತಡ ಸಾಮಾನ್ಯ ಆಹಾರದವರಿಗಿಂತ 5.5 ಮಿ.ಮೀ.ನಷ್ಟು ಹೆಚ್ಚು ಇಳಿಯಿತು. ಮೊದಲೇ ಅಧಿಕ ಒತ್ತಡವಿದ್ದವರಲ್ಲಿ 11.4 ಮಿ.ಮೀ. 2001ರ ಮುಂದಿನ ಅಧ್ಯಯನವು ಇದೇ ಆಹಾರದಲ್ಲಿ ಉಪ್ಪನ್ನೂ ತಗ್ಗಿಸಿದರೆ ಒತ್ತಡ ಇನ್ನಷ್ಟು ಇಳಿಯುವುದನ್ನು ತೋರಿಸಿತು. ಹಣ್ಣು, ಸೊಪ್ಪು, ಬೇಳೆಗಳಲ್ಲಿರುವ ಪೊಟ್ಯಾಸಿಯಂ ಸೋಡಿಯಂ ಅನ್ನು ಮೂತ್ರದ ಮೂಲಕ ಹೊರಹಾಕಲು ನೆರವಾಗುತ್ತದೆ. ಸೊಪ್ಪಿನ ನೈಟ್ರೇಟ್ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ಮಾರ್ಪಟ್ಟು ರಕ್ತನಾಳಗಳನ್ನು ಸಡಿಲಿಸುತ್ತದೆ. ಆದರೆ ಡ್ಯಾಶ್ ಶುದ್ಧ ಸಸ್ಯಾಹಾರವಾಗಿರಲಿಲ್ಲ; ಅದರಲ್ಲಿ ಮೀನು, ಕೋಳಿಗಳೂ ಇದ್ದವು. ನೈಟ್ರೇಟ್ ಹೇರಳವಾಗಿರುವ ಬೀಟ್‌ರೂಟನ್ನು ಕಂದಮೂಲವೆಂದು ಶ್ರಾವಕನು ಬಿಡುತ್ತಾನೆ. ಒಂದೆಡೆ ವ್ರತ ಬಿಡಿಸಿದ್ದನ್ನು ಪ್ರಯೋಗ ಬಡಿಸಿದೆ. ಇನ್ನೊಂದೆಡೆ ವೈದ್ಯ ಮೆಚ್ಚಿದ್ದನ್ನು ವ್ರತ ಬಿಡಿಸುತ್ತದೆ. ಅಹಿಂಸೆಯ ಗಣನೆ ಆರೋಗ್ಯದ ಗಣನೆಯಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಮೆದುಳಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಧ್ಯವಯಸ್ಸಿನ ಅಧಿಕ ರಕ್ತದೊತ್ತಡವು ಮೆದುಳಿನ ಸೂಕ್ಷ್ಮ ರಕ್ತನಾಳಗಳನ್ನು ಹಾಳುಮಾಡಿ ಪಾರ್ಶ್ವವಾಯುವಿಗೂ ಮರೆಗುಳಿತನಕ್ಕೂ ದಾರಿಮಾಡುತ್ತದೆ. 2019ರಲ್ಲಿ ಪ್ರಕಟವಾದ 'ಸ್ಪ್ರಿಂಟ್ ಮೈಂಡ್' ಅಧ್ಯಯನದಲ್ಲಿ ಔಷಧಿಗಳಿಂದ ಮೇಲಿನ ಒತ್ತಡವನ್ನು 120ಕ್ಕಿಂತ ಕೆಳಗಿಡುವ ಗುರಿಯಿದ್ದವರಲ್ಲಿ, 140ರ ಗುರಿಯಿದ್ದವರಿಗಿಂತ, ಅರಿವಿನ ಸೌಮ್ಯ ಕುಂದು ಕಡಿಮೆಯಾಯಿತು. ಪೂರ್ಣ ಮರೆಗುಳಿತನದಲ್ಲಿ ಮಾತ್ರ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಸಿದ್ಧವಾಗಲಿಲ್ಲ. ಸೊಪ್ಪು, ಬೆರ್ರಿ ಹಣ್ಣು, ಕಾಳುಗಳಿಗೆ ಪ್ರಾಧಾನ್ಯವಿರುವ 'ಮೈಂಡ್' ಆಹಾರಕ್ರಮ 2015ರ ವೀಕ್ಷಣಾಧಾರಿತ ಅಧ್ಯಯನಗಳಲ್ಲಿ ಬಹಳ ಭರವಸೆ ಹುಟ್ಟಿಸಿತ್ತು. ಆದರೆ 604 ಮಂದಿಯನ್ನು ಮೂರು ವರ್ಷ ಗಮನಿಸಿದ 2023ರ ಪ್ರಯೋಗದಲ್ಲಿ, ತಮ್ಮ ರೂಢಿಯ ಊಟವನ್ನೇ ಸ್ವಲ್ಪ ಮಿತಗೊಳಿಸಿದವರಿಗೂ ಇವರಿಗೂ ಅರಿವಿನ ಶಕ್ತಿಯಲ್ಲಿ ಗಣನೀಯ ಅಂತರ ಕಾಣಲಿಲ್ಲ. ಅಹಿಂಸಾಹಾರದ ಹಿರಿಮೆಯನ್ನು 2015ರ ವರದಿಯ ಮೇಲೆ ನಿಲ್ಲಿಸಿದವರು 2023ರಲ್ಲಿ ಅದನ್ನು ಎಲ್ಲಿ ನಿಲ್ಲಿಸಬೇಕು? ವಿಜ್ಞಾನ ತನ್ನ ಮಾತನ್ನು ತಿದ್ದಿಕೊಳ್ಳುತ್ತ ಸಾಗುತ್ತದೆ, ಅದು ಅದರ ಧರ್ಮ. ಜೀವದಯೆಯನ್ನು ಅದರ ಬೆನ್ನಿಗೆ ಕಟ್ಟಿದರೆ ಪ್ರತಿಯೊಂದು ತಿದ್ದುಪಡಿಯೂ ವ್ರತಕ್ಕೆ ಬಂದ ಆಪತ್ತಾಗುತ್ತದೆ.

ಸಸ್ಯಾಹಾರಿ ಎಂಬ ಹೆಸರೊಂದೇ ದೇಹವನ್ನು ಕಾಯುವುದಿಲ್ಲವೆಂಬುದು ಮನೆಯ ಊಟದೆಲೆಯನ್ನು ನೋಡಿದರೂ ತಿಳಿಯುತ್ತದೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಅಂಗಡಿಯ ಖಾರದ ತಿಂಡಿ ಎಲ್ಲವೂ ನಿರಾಮಿಷವೇ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ. ಭಾರತೀಯರ ಸರಾಸರಿ ಸೇವನೆ ಅದನ್ನು ಬಹಳ ಮೀರಿದೆ. ಹಳೆಯ ಉಪ್ಪಿನಕಾಯಿಯನ್ನು ಅದರಲ್ಲಿ ಹುಟ್ಟುವ ಜೀವಿಗಳ ಕಾರಣದಿಂದ ಶ್ರಾವಕಾಚಾರ ವರ್ಜ್ಯವೆನ್ನುತ್ತದೆ, ಉಪ್ಪಿನ ಕಾರಣದಿಂದ ವೈದ್ಯನು ಬೇಡವೆನ್ನುತ್ತಾನೆ. ಎರಡು ಕಾರಣಗಳೂ ಬೇರೆ ಬೇರೆಯಾಗಿಯೇ ನಿಲ್ಲುತ್ತವೆ.

ಈ ಸಂದರ್ಭದಲ್ಲಿ ಪರಂಪರೆಯಿಂದ ಪಡೆಯಬೇಕಾದುದು ಸಸ್ಯಾಹಾರದ ಹೆಮ್ಮೆಯನ್ನಲ್ಲ, ಸಂಯಮವನ್ನು. 'ತತ್ತ್ವಾರ್ಥಸೂತ್ರ'ದ ಒಂಬತ್ತನೆಯ ಅಧ್ಯಾಯವು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಅವಮೌದರ್ಯ ಮತ್ತು ರಸಪರಿತ್ಯಾಗಗಳು ಸೇರಿವೆ. ಹೊಟ್ಟೆ ತುಂಬುವ ಮುನ್ನವೇ ಊಟ ಮುಗಿಸುವುದು ಮೊದಲನೆಯದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಕೆಲವನ್ನೋ ಎಲ್ಲವನ್ನೋ ಬಿಡುವುದು ಎರಡನೆಯದು. ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಇವುಗಳ ಪ್ರಯೋಜನವನ್ನು ವಿವರಿಸುವಾಗ ಇಂದ್ರಿಯನಿಗ್ರಹದೊಡನೆ ದೋಷಶಮನ, ನಿದ್ರೆಯ ಜಯ, ಸ್ವಾಧ್ಯಾಯದ ಸೌಕರ್ಯ ಇವನ್ನೂ ಹೇಳುತ್ತಾರೆ. ಮಿತವಾಗಿ ಉಂಡವನ ಬುದ್ಧಿ ಓದಿಗೆ ಒದಗುತ್ತದೆಂಬುದು ಅವರ ಅನುಭವದ ಮಾತು. ಅದನ್ನು ನರವಿಜ್ಞಾನದ ಭವಿಷ್ಯವಾಣಿಯಾಗಿಸುವ ಅಗತ್ಯವಿಲ್ಲ. ದಶಲಕ್ಷಣ ಪರ್ವದಲ್ಲಿ ಒಂದು ದಿನ ಉಪ್ಪು ಬಿಟ್ಟು, ಮರುದಿನ ಎರಡು ಬಗೆಯ ಉಪ್ಪಿನಕಾಯಿಯೊಡನೆ ಉಣ್ಣುವ ಗೃಹಸ್ಥನಿಗೆ, ವರ್ಷವಿಡೀ ಕೈ ಹಿಡಿದು ಉಪ್ಪು ಹಾಕುವುದು ಕಠಿಣತರ ವ್ರತವಾದೀತು.

ಪರಂಪರೆ ಹೇಳದ ಸಂಗತಿಗಳನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಬೇಕು. ನರಗಳಿಗೂ ನೆನಪಿಗೂ ಅವಶ್ಯವಾದ ಬಿ12 ಜೀವಸತ್ವ ಸಸ್ಯಗಳಿಂದ ದೊರೆಯುವುದಿಲ್ಲ. ಹಾಲಿನಿಂದ ಅಲ್ಪವಾಗಿ ದೊರೆಯುತ್ತದೆ. ಹಾಲನ್ನೂ ಬಿಟ್ಟವರು ಅದನ್ನು ಮಾತ್ರೆಯಿಂದಲೋ ಬಿ12 ಸೇರಿಸಿದ ಆಹಾರದಿಂದಲೋ ಪಡೆಯಲೇಬೇಕು. ವೃದ್ಧರಲ್ಲಿ ಮರೆವು ಕಂಡಾಗ ವಯಸ್ಸಿನ ಸಹಜ ಧರ್ಮವೆಂದು ಕೈಬಿಡುವ ಮೊದಲು ಈ ಕೊರತೆಯನ್ನು ಪರೀಕ್ಷಿಸಿ ನೋಡುವುದು ಲೇಸು. ಒತ್ತಡದ ಮಾತ್ರೆ ಸೇವಿಸುವ ಹಿರಿಯರು ಉಪವಾಸ ಹಿಡಿಯುವಾಗಲೂ, ಮೂತ್ರಪಿಂಡದ ರೋಗಿಗಳು ಪೊಟ್ಯಾಸಿಯಂ ಹೆಚ್ಚಿರುವ ಆಹಾರಕ್ಕೆ ತಿರುಗುವಾಗಲೂ ವೈದ್ಯರನ್ನು ಕೇಳುವುದು ವ್ರತಭಂಗವಲ್ಲ. ಅನಿಷ್ಟವನ್ನು ಅರಿಯುವುದು ವ್ರತದ ಅಂಗವೇ ಆಗಿದೆ.

ಸಂಶೋಧಕರ ಮುಂದಿರುವ ಕೆಲಸವೂ ಇದರಿಂದ ಸ್ಪಷ್ಟವಾಗುತ್ತದೆ. ಕನ್ನಡದ ವೈದ್ಯಗ್ರಂಥಗಳನ್ನೂ ಸೂಪಶಾಸ್ತ್ರವನ್ನೂ ಇಂದಿನ ಪ್ರಯೋಗಶಾಲೆಯ ಮುನ್ನುಡಿಗಳೆಂದು ಓದುವ ಬದಲು, ಒಂದು ಸಮಾಜ ತನ್ನ ನೀತಿಯನ್ನು ಅಡಿಗೆಮನೆಯಲ್ಲಿ ಹೇಗೆ ಬಾಳಿತೆಂಬುದರ ದಾಖಲೆಗಳೆಂದು ಓದಬೇಕು. ಶ್ರಾವಕನು ಮಾಂಸವನ್ನು ಬಿಟ್ಟದ್ದು ತನ್ನ ರಕ್ತನಾಳಗಳ ಹಿತಕ್ಕಾಗಿ ಅಲ್ಲ, ಇನ್ನೊಂದು ಜೀವದ ಹಿತಕ್ಕಾಗಿ. ತನ್ನ ದೇಹದ ಹಿತಕ್ಕಾಗಿ ಅವನು ಇನ್ನೂ ಏನನ್ನು ಬಿಡಬೇಕೆಂಬುದನ್ನು ವೈದ್ಯವಿಜ್ಞಾನ ತಿಳಿಸಬಲ್ಲದು. ಆ ಮಾತನ್ನು ಕೇಳಿಸಿಕೊಳ್ಳುವ ಸ್ಥಾನವನ್ನು ಪರಂಪರೆ 'ಅನಿಷ್ಟ'ವೆಂಬ ಹೆಸರಿನಲ್ಲಿ ಹಿಂದೆಯೇ ಗೊತ್ತುಮಾಡಿದೆ.