ಒಂದು ಮಾತು ಹೇಳಬಹುದಿತ್ತು

ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಸೇರಿ ಕನ್ನಡ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸುವ ಸಣ್ಣ ಪ್ರೋಗ್ರಾಂ ಮಾಡುತ್ತಿದ್ದೆವು. ಪರೀಕ್ಷೆ ಮಾಡಲು ಒಬ್ಬೊಬ್ಬರೂ ಒಂದೊಂದು ವಾಕ್ಯ ಕೊಡಬೇಕಿತ್ತು. ನಾನು ಹಾಕಿದ್ದು: 'ಅಪ್ಪ, ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ.' ತಂದೆಯೂ ಚಿಕ್ಕಪ್ಪನೂ ಒಂದು ಪದವನ್ನು ಬಿಡುಗಡೆ ಮಾಡಿದ್ದಾರೆ ಎಂಬ ಅರ್ಥದ ಉತ್ತರ ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ವಾಕ್ಯ ನಾನು ಕಟ್ಟಿದ್ದಲ್ಲ. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಇರುವುದೇ ಅದು.

ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಈ ಒಂದು ಪದಕ್ಕೆ ಎಷ್ಟು ಅರ್ಥ ಇದೆ ಎಂದು ಬರೆಯತೊಡಗಿದೆ. ಮಗುವಿಗೆ ಮಾತು ಬಂದರೆ ಮನೆಗೆಲ್ಲ ಸಂತೋಷ. ಅದೇ ದೊಡ್ಡವರಿಗೆ 'ನಾಳೆ ನನಗೆ ಮಾತು ಬರುತ್ತೆ' ಅಂದರೆ ಆಪಾದನೆಯ ಭಯ. ಮಾತು ಕೇಳುವುದು ಕಿವಿಯ ಕೆಲಸವಲ್ಲ, ವಿಧೇಯತೆ. ಮಾತು ಕೊಡುವುದು, ಉಳಿಸಿಕೊಳ್ಳುವುದು, ತಪ್ಪುವುದು ಎಲ್ಲರಿಗೂ ಗೊತ್ತು. ಮಾತುಕತೆ ಮುಗಿಯಿತು ಅಂದರೆ ಮದುವೆ ಗೊತ್ತಾಗಿದೆ. ಮಾತುಕತೆ ಮುರಿದುಬಿತ್ತು ಅಂದರೆ ನಾಳೆಯೂ ಮುಷ್ಕರ. ಆಟೋದವರ ಹತ್ತಿರ ಮಾತಾಡು ಅಂದರೆ ಬಾಡಿಗೆ ಕುದುರಿಸು. ಕಚೇರಿಯಲ್ಲಿ ಯಾರೋ ಮೆಲ್ಲಗೆ ಬಂದು 'ಸಾಹೇಬರ ಹತ್ರ ಮಾತಾಡಿ' ಅಂದರೆ ಏನರ್ಥ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಇನ್ನು ನಮ್ಮ ಕ್ಯಾಂಪಸ್ಸಿನಲ್ಲಿ 'ಅವರಿಬ್ಬರೂ ಮಾತಾಡ್ತಾರೆ' ಅಂದರೆ ಅದು ಬೇರೆಯೇ ಕತೆ.

ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಇಬ್ಬರೂ ಕನ್ನಡದಲ್ಲಿ ಬರೆದು ಕನ್ನಡಿಗರ ಮನೆಮಾತಾದರು. ಎರಡು ವಾಕ್ಯದಲ್ಲಿ ಒಂದೇ ಪದ, ಅರ್ಥ ಎರಡು. ಪಾವಗಡದ ನನ್ನ ರೂಮ್‌ಮೇಟ್ ಮನೆಯಲ್ಲಿ ತೆಲುಗು. ಅವರಲ್ಲಿ ಮಾತಿಗೆ 'ಮಾಟ' ಅನ್ನುತ್ತಾರೆ. ಅವನು ಫೋನಿನಲ್ಲಿ ಅಮ್ಮನಿಗೆ 'ಒಕ ಮಾಟ' ಅಂದಾಗಲೆಲ್ಲ ನಾವು ನಿಂಬೆಹಣ್ಣು ತರಲಾ ಎಂದು ರೇಗಿಸುತ್ತೇವೆ.

ಪಟ್ಟಿ ಎರಡು ಪುಟ ಆಯಿತು. ಕೊನೆಗೆ ಬರೆದದ್ದು, ಎಲ್ಲಕ್ಕಿಂತ ಹೆಚ್ಚು ಸಲ ನಾನು ಕೇಳಿಸಿಕೊಂಡದ್ದು: 'ನನಗೆ ಒಂದು ಮಾತು ಹೇಳಲಿಲ್ಲ.'

ನಮ್ಮದು ತುಮಕೂರು ಜಿಲ್ಲೆ. ಒಂದಿಷ್ಟು ತೆಂಗು, ಅಡಿಕೆ. ತೋಟ ಭಾಗವಾದರೂ ಬೋರ್‌ವೆಲ್ ಒಂದೇ. ವಾರದಲ್ಲಿ ನಾಲ್ಕು ದಿನ ನಮಗೆ ನೀರು, ಮೂರು ದಿನ ಚಿಕ್ಕಪ್ಪನಿಗೆ. ಇದು ತಾತ ಬಾಯಿಮಾತಿನಲ್ಲಿ ಮಾಡಿದ ಪಾಳಿ, ಎಲ್ಲೂ ಕಾಗದದಲ್ಲಿಲ್ಲ. ತಾತ ಹೋದ ಮೇಲೂ ಒಂದು ದಿನ ತಪ್ಪಿರಲಿಲ್ಲ. ನಾನು ಮೊದಲ ಪಿಯುಸಿಯಲ್ಲಿದ್ದಾಗ ಅಪ್ಪ 5 ಎಚ್‌ಪಿ ಮೋಟಾರ್ ಎತ್ತಿಸಿ 7.5 ಎಚ್‌ಪಿಯದು ಇಳಿಸಿದರು. ಖರ್ಚೆಲ್ಲ ಅಪ್ಪನದೇ. ಚಿಕ್ಕಪ್ಪನ ಗಿಡಕ್ಕೂ ನೀರು ಜೋರಾಗಿ ಹೋಯಿತು. ಆದರೂ ಅವರು ಸಂಜೆ ಬಂದು ಜಗುಲಿಯ ಕೆಳಗೇ ನಿಂತು ಕೇಳಿದ್ದು ಇಷ್ಟೇ: 'ಅಣ್ಣ, ನನಗೊಂದು ಮಾತು ಹೇಳಬಹುದಿತ್ತಲ್ಲ?' ಅಪ್ಪ, 'ದುಡ್ಡು ಹಾಕಿದೋನು ನಾನು, ನಿಂಗೂ ನೀರು ಬರ್ತೈತೆ, ಇನ್ನ ಹೇಳಾದೇನು' ಅಂದರು. ಮಾತಿಗೆ ಮಾತು ಬೆಳೆಯಿತು. ತಾತ ಹೇಳಿದ ಪಾಳಿ ಎಲ್ಲಿ ಬರೆದಿದೆ ಅನ್ನುವವರೆಗೂ ಹೋಯಿತು. ಆಮೇಲೆ ಇಬ್ಬರೂ ಮಾತು ಬಿಟ್ಟರು.

ಮಾತು ಬಿಟ್ಟ ಮನೆಯಲ್ಲಿ ಮಾತು ಇರುವುದಿಲ್ಲ ಅಂದುಕೊಳ್ಳಬೇಡಿ, ದುಪ್ಪಟ್ಟು ಇರುತ್ತದೆ. 'ನಾಳೆ ಕರೆಂಟು ಬೆಳಗಿನ ಪಾಳಿಗೆ ಅಂತೆ, ಹೇಳು ಅವರಿಗೆ' ಎಂದು ಅಪ್ಪ ಗೋಡೆ ನೋಡಿಕೊಂಡು ನನಗೆ ಹೇಳುತ್ತಾರೆ. ಆ ಕಡೆ ಹತ್ತು ಅಡಿ ದೂರದಲ್ಲಿ ನಿಂತ ಚಿಕ್ಕಪ್ಪನಿಗೆ ಅದು ಆಗಲೇ ಕೇಳಿಸಿರುತ್ತದೆ. ಆದರೂ ನಾನು ಹೋಗಿ ಮತ್ತೆ ಹೇಳಬೇಕು. ವಿಚಿತ್ರ ಅಂದರೆ ಪಾಳಿ ಮಾತ್ರ ಇವತ್ತಿಗೂ ತಪ್ಪಿಲ್ಲ. ತಾತನ ಮಾತನ್ನು ಇಬ್ಬರೂ ಉಳಿಸಿಕೊಂಡಿದ್ದಾರೆ, ಬಿಟ್ಟದ್ದು ತಮ್ಮ ಮಾತನ್ನು.

ಬಹಳ ದಿನ ನಾನು ಅಪ್ಪನ ಪರವೇ ಇದ್ದೆ. ಮೋಟಾರ್ ಎತ್ತುವ ಟ್ರೈಪಾಡ್ ಬೆಳಿಗ್ಗೆಯಿಂದ ತೋಟದಲ್ಲೇ ನಿಂತಿತ್ತು, ಚಿಕ್ಕಪ್ಪನಿಗೆ ಗೊತ್ತಿಲ್ಲದ್ದು ಏನಿತ್ತು ಎಂಬುದು ನನ್ನ ವಾದ. ಈ ಫೆಬ್ರವರಿಯಲ್ಲಿ ಆ ವಾದ ಬಿದ್ದುಹೋಯಿತು. ನನಗೆ ಹೈದರಾಬಾದಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಖುಷಿಯಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆ. ಸಂಜೆ ಅಪ್ಪನಿಗೆ ಫೋನ್ ಮಾಡುವಷ್ಟರಲ್ಲಿ ಹಾಲಿನ ಡೇರಿಯಲ್ಲಿ ಯಾರೋ ಅವರಿಗೆ ಶುಭಾಶಯ ಹೇಳಿಬಿಟ್ಟಿದ್ದರು. ಅಪ್ಪ ಬೈಯಲಿಲ್ಲ. 'ಒಂದು ಮಾತು ಹೇಳಬಹುದಿತ್ತಲ್ಲ ಮಗ' ಅಂದರು. ಅದು ಚಿಕ್ಕಪ್ಪನ ವಾಕ್ಯ ಎಂದು ಅವರಿಗೆ ಹೊಳೆಯಿತೋ ಇಲ್ಲವೋ, ನನಗಂತೂ ಹೊಳೆಯಿತು.

ಆ 'ಒಂದು ಮಾತು' ಸುದ್ದಿಯಲ್ಲ. ಸುದ್ದಿ ಹೇಗೂ ತಲುಪುತ್ತದೆ. ನೀನು ನನ್ನ ಲೆಕ್ಕದಲ್ಲಿ ಇದ್ದೀಯ ಎಂದು ಎದುರಿಗೆ ನಿಂತೋ ಫೋನ್ ಮಾಡಿಯೋ ಒಪ್ಪಿಕೊಳ್ಳುವುದು ಅದು. ಮದುವೆಯ ಕರೆಯೋಲೆಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದರೆ ನನ್ನಜ್ಜಿ ಅದನ್ನು ಕರೆದ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಹಳೇ ಕಾಲದವರ ಬಿಂಕ ಅಂದುಕೊಂಡಿದ್ದೆ. ಈಗ ಅಜ್ಜಿಯದೇ ಸರಿ ಅನ್ನಿಸುತ್ತದೆ. ನಾವು, ನಮ್ಮ ವಯಸ್ಸಿನವರು, ಎಲ್ಲರಿಗೂ ಎಲ್ಲವನ್ನೂ ತಿಳಿಸುತ್ತೇವೆ. ಯಾರಿಗೂ ಒಂದು ಮಾತು ಹೇಳುವುದಿಲ್ಲ. ಕಾಲೇಜಿನಲ್ಲಿ ಪ್ಲೇಸ್‌ಮೆಂಟಿಗೆಂದು ಮಾತಾಡುವ ಕಲೆಯ ತರಬೇತಿ ಕೊಡುತ್ತಾರೆ: ಗುಂಪು ಚರ್ಚೆಯಲ್ಲಿ ಹೇಗೆ ಮಧ್ಯೆ ಪ್ರವೇಶಿಸಬೇಕು, ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು. ನಾನು ಅದರಲ್ಲಿ ಒಳ್ಳೆಯ ಅಂಕವನ್ನೇ ತಗೊಂಡಿದ್ದೇನೆ.

ಹೋದ ಭಾನುವಾರ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಸ್ಟೇಟಸ್ ಅವರೂ ನೋಡಿದ್ದರು, ಹೆಸರು ಕಾಣಿಸಿತ್ತು. ಆದರೂ 'ಹೈದರಾಬಾದಿಗೆ ಹೋಗ್ತಿದ್ದೀನಿ ಚಿಕ್ಕಪ್ಪ, ಒಂದು ಮಾತು ಹೇಳೋಣ ಅಂತ ಮಾಡಿದೆ' ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮೋಟಾರಿನ ಸದ್ದು ಮಾತ್ರ ಬರುತ್ತಿತ್ತು, ಅವತ್ತು ಅವರ ಪಾಳಿ. ಬಿಸಿಲು ಜಾಸ್ತಿ, ನೀರು ಚೆನ್ನಾಗಿ ಕುಡಿ ಅಂದರು. ಫೋನ್ ಇಡುವ ಮುಂಚೆ, ನಾಲ್ಕು ವರ್ಷದಿಂದ 'ನಿಮ್ಮಪ್ಪ' ಎಂದೇ ಕರೆಯುತ್ತಿದ್ದವರು, 'ಅಣ್ಣನ ಮಂಡಿನೋವು ಹೆಂಗೈತೆ?' ಎಂದು ಕೇಳಿದರು.

ಅದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ. ಶನಿವಾರ ಊರಿಗೆ ಹೋಗುತ್ತಿದ್ದೇನೆ.