ರಸ್ತೆಯ ದೋಷ, ಚಾಲಕನ ಹೊಣೆ

ಶಾಲೆಗಳಿಗೆ ಬೇಸಗೆಯ ರಜೆ ದೊರೆಯುತ್ತಲೇ ಮುಂಬಯಿ, ಠಾಣೆ, ಪುಣೆಗಳ ಕನ್ನಡಿಗರ ಮನೆಗಳಲ್ಲಿ ಊರಿನ ಪ್ರಯಾಣದ ಸಿದ್ಧತೆ ಮೊದಲಾಗುತ್ತದೆ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಜಾತ್ರೆ – ಕಾರಣಕ್ಕೇನೂ ಕೊರತೆಯಿಲ್ಲ. ಒಂದು ಕಾಲದಲ್ಲಿ ರಾತ್ರಿ ಬಸ್ಸನ್ನೂ, 1998ರ ಬಳಿಕ ಕೊಂಕಣ ರೈಲನ್ನೂ ನೆಚ್ಚಿಕೊಂಡಿದ್ದ ಕುಟುಂಬಗಳಲ್ಲಿ ಹಲವು ಈಗ ಸ್ವಂತ ಕಾರಿನಲ್ಲಿಯೇ ಹೊರಡುತ್ತವೆ. ಕರಾವಳಿಯವರು ಪನ್ವೇಲಿನಿಂದ ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದರೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳ ಕಡೆಯವರು ಪುಣೆ, ಕೊಲ್ಹಾಪುರಗಳ ಮೂಲಕ ಸಾಗುವ ಹೆದ್ದಾರಿ 48ನ್ನು ಹಿಡಿಯುತ್ತಾರೆ. ದಾರಿಯಲ್ಲಿ ಅವಘಡವಾಯಿತೆಂಬ ಸುದ್ದಿ ಬಂದಾಗ ನಮ್ಮ ಬಾಯಿಂದ ಹೊರಡುವ ಮಾತುಗಳು ಎರಡೇ: ‘ಡ್ರೈವರನ ತಪ್ಪು’, ಇಲ್ಲವೇ ‘ಹಣೆಬರಹ’. ಇವೆರಡರ ನಡುವೆ ರಸ್ತೆ ಎಂಬುದೊಂದು ಇದೆಯೆಂದು ನೆನೆಯುವವರು ವಿರಳ. ನೆನೆಯುವವರೋ, ಚಾಲಕನನ್ನು ಪೂರ್ತಿಯಾಗಿ ಮನ್ನಿಸಿಬಿಡುತ್ತಾರೆ.

ಇದೇ ಹೆದ್ದಾರಿ 48ರ ಉತ್ತರ ಭಾಗದಲ್ಲಿ, ಪಾಲ್ಘರ್ ಜಿಲ್ಲೆಯ ಚಾರೋಟಿಯ ಸಮೀಪ, ಸೂರ್ಯಾ ನದಿಯ ಸೇತುವೆಯ ಮೇಲೆ 2022ರ ಸೆಪ್ಟೆಂಬರ್ 4ರಂದು ನಡೆದ ದುರಂತವನ್ನು ಓದುಗರು ಮರೆತಿರಲಾರರು. ಟಾಟಾ ಸನ್ಸ್ ಸಂಸ್ಥೆಯ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಅವರೂ ಅವರ ಪಕ್ಕದಲ್ಲಿದ್ದ ಸಹಪ್ರಯಾಣಿಕರೂ ಅಲ್ಲಿ ಅಸುನೀಗಿದರು. ಇಬ್ಬರೂ ಹಿಂದಿನ ಆಸನದಲ್ಲಿದ್ದರು. ಇಬ್ಬರೂ ಸೀಟ್ ಬೆಲ್ಟ್ ಧರಿಸಿರಲಿಲ್ಲ. ಮುಂದಿನ ಆಸನಗಳಲ್ಲಿದ್ದ ಇಬ್ಬರು ತೀವ್ರ ಗಾಯಗಳೊಂದಿಗೆ ಬದುಕುಳಿದರು. ಕಾರು ಮರ್ಸಿಡಿಸ್. ಅದರ ತಯಾರಕರು ಪೊಲೀಸರಿಗೆ ನೀಡಿದ ವರದಿಯಂತೆ, ಡಿಕ್ಕಿಗೆ 5 ಸೆಕೆಂಡುಗಳ ಮುನ್ನ ಬ್ರೇಕ್ ಒತ್ತಿದಾಗ ವೇಗ ಗಂಟೆಗೆ 100 ಕಿ.ಮೀ. ಇದ್ದಿತು, ಗೋಡೆಗೆ ಅಪ್ಪಳಿಸುವಾಗ 89 ಕಿ.ಮೀ.

ಇನ್ನು ರಸ್ತೆಯ ವಿಚಾರ. ಮೂರು ಸಾಲುಗಳಲ್ಲಿ ಸಾಗಿಬಂದ ಹೆದ್ದಾರಿ ಆ ಸೇತುವೆಯ ಬಳಿ ಎರಡು ಸಾಲುಗಳಿಗೆ ಕುಗ್ಗುತ್ತಿತ್ತು. ಮೂರನೆಯ ಸಾಲಿನಲ್ಲಿ ಬರುವವರ ಎದುರಿಗೆ ಸೇತುವೆಯ ಕಾಂಕ್ರೀಟ್ ತಡೆಗೋಡೆ ಚಾಚಿಕೊಂಡಿತ್ತು. ಗಂಟೆಗೆ 100 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 28 ಮೀಟರ್. ಪಕ್ಕದ ಸಾಲಿನಲ್ಲಿ ಲಾರಿಯೊಂದು ಇದ್ದರೆ ಅತ್ತ ಸರಿಯಲು ಜಾಗವಿಲ್ಲ, ಮುಂದೆ ಗೋಡೆ. ಪೊಲೀಸರು ಕಾರು ಚಲಾಯಿಸುತ್ತಿದ್ದ ವೈದ್ಯೆಯ ಮೇಲೆ ಅಜಾಗರೂಕತೆಯ ಪ್ರಕರಣ ದಾಖಲಿಸಿದರು.

ಇಲ್ಲಿ ತಪ್ಪು ಯಾರದು ಎಂದು ಕೇಳುವುದೇ ಅಸಮರ್ಪಕವೆಂದು ನಮಗೆ ತೋರುತ್ತದೆ. ಗೋಡೆ ಚಾಚಿಕೊಂಡಿರದಿದ್ದರೆ ಡಿಕ್ಕಿಯೇ ಆಗುತ್ತಿರಲಿಲ್ಲವೇನೋ. ವೇಗ ಇನ್ನಷ್ಟು ತಗ್ಗಿದ್ದರೆ, ಬೆಲ್ಟ್ ಇದ್ದಿದ್ದರೆ, ಆ ಜೀವಗಳು ಉಳಿಯುವ ಸಾಧ್ಯತೆ ಹೆಚ್ಚಿತ್ತು. ಒಂದು ತಪ್ಪನ್ನು ಎತ್ತಿ ತೋರಿಸಿದ ಮಾತ್ರಕ್ಕೆ ಇನ್ನೊಂದು ಕರಗಿಹೋಗುವುದಿಲ್ಲ. ಆದರೆ ನಮ್ಮ ಕಾನೂನಿನ ಕಣ್ಣು ಮೊದಲು ಬೀಳುವುದು ಸ್ಟಿಯರಿಂಗ್ ಹಿಡಿದವರ ಮೇಲೆ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ ಹಳೆಯ ದಂಡಸಂಹಿತೆಯಲ್ಲಿ ಗರಿಷ್ಠ 2 ವರ್ಷ ಸೆರೆವಾಸವಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5 ವರ್ಷ. ರಸ್ತೆ ಕಟ್ಟಿದವರಿಗೆ? 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 198ಎ ಕಲಮಿನಂತೆ, ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣರಾದ ಗುತ್ತಿಗೆದಾರ, ಸಲಹೆಗಾರ ಅಥವಾ ಪ್ರಾಧಿಕಾರಕ್ಕೆ 1 ಲಕ್ಷ ರೂಪಾಯಿಯವರೆಗೆ ದಂಡ. ಕೋಟಿಗಳ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುವವರಿಗೆ ಇದು ಚಹಾ-ತಿಂಡಿಯ ಖರ್ಚು. ಆದರೂ, ಹೊಣೆ ಚಾಲಕನೊಬ್ಬನದೇ ಅಲ್ಲವೆಂದು ಶಾಸನವು ಒಪ್ಪಿಕೊಂಡದ್ದು ಸಣ್ಣ ಸಂಗತಿಯೇನಲ್ಲ.

ಚಾಲಕನ ಕೈಯಲ್ಲಿ ಏನೂ ಉಳಿಯದ ಪ್ರಸಂಗಗಳೂ ಉಂಟು. 2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ನೆರೆಗೆ ಬ್ರಿಟಿಷರ ಕಾಲದ ಸೇತುವೆ ಕುಸಿದು ಎರಡು ಎಸ್‌ಟಿ ಬಸ್ಸುಗಳು ಕೊಚ್ಚಿಹೋದವು. ಅದು ನಮ್ಮ ಕರಾವಳಿಯವರು ನಿತ್ಯ ದಾಟುವ ದಾರಿ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ವಿಭಜಕ ದಾಟಿ ಕಾರಿನ ಮೇಲೆ ಮಗುಚಿ, ಒಂದೇ ಕುಟುಂಬದ 6 ಮಂದಿ ಪ್ರಾಣ ತೆತ್ತರು. ಸುರಕ್ಷತೆಗೆ ಹೆಸರಾದ ವೋಲ್ವೊ ಕಾರು ಸಹ ಅವರನ್ನು ಉಳಿಸಲಿಲ್ಲ.

ಇದಕ್ಕೆ ವ್ಯತಿರಿಕ್ತವಾದುದು ಪುಣೆಯ ನವಲೆ ಸೇತುವೆ. ಕಾತ್ರಜ್‌ನ ಹೊಸ ಸುರಂಗದಿಂದ ಅಲ್ಲಿಯವರೆಗಿನ ಉದ್ದನೆಯ ಇಳಿಜಾರು ಅಪಾಯಕಾರಿ ಎಂಬುದು ಪುಣೆಯ ಕನ್ನಡಿಗರಿಗೆಲ್ಲ ತಿಳಿದ ವಿಷಯ. 2022ರ ನವೆಂಬರ್ 20ರಂದು ಅಲ್ಲಿ ಲಾರಿಯೊಂದು ಹತ್ತಾರು ವಾಹನಗಳಿಗೆ ಗುದ್ದಿತು. ಚಾಲಕನು ಇಳಿಜಾರಿನಲ್ಲಿ ಎಂಜಿನನ್ನೇ ಆರಿಸಿದ್ದನೆಂದು ಪೊಲೀಸರು ಆಗ ತಿಳಿಸಿದ್ದರು. 2025ರ ನವೆಂಬರ್ 13ರಂದು ಅದೇ ಭಾಗದಲ್ಲಿ ಮತ್ತೆ ಬೆಂಕಿ, ಮತ್ತೆ ಸಾವು. ಇಳಿಜಾರನ್ನು ಹಾಗೆ ಕಟ್ಟಿದ್ದು ಚಾಲಕನಲ್ಲ. ಆದರೆ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಬೇಕು, ಎಂಜಿನ್ ಆರಿಸಿದರೆ ಬ್ರೇಕಿನ ಬಲವೇ ಕುಗ್ಗುತ್ತದೆ ಎಂಬುದು ಅವನಿಗೆ ತಿಳಿದಿರಬೇಕಾದ ಪಾಠ. ಖಂಬಾಟ್ಕಿ ಘಾಟಿನಲ್ಲಿ ಪೆಟ್ರೋಲ್ ಉಳಿಸಲು ‘ನ್ಯೂಟ್ರಲ್’ ಹಾಕುವ ಸಜ್ಜನರು ನಮ್ಮ ನಡುವೆಯೂ ಇದ್ದಾರೆ.

ಎರಡು ಹೊಣೆಗಳನ್ನೂ ಒಟ್ಟಿಗೆ ಹಿಡಿದರೆ ಏನಾಗುತ್ತದೆಂಬುದಕ್ಕೆ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ಸಾಕ್ಷಿ. 2016ರಲ್ಲಿ ಅಲ್ಲಿ 151 ಜನ ಸತ್ತಿದ್ದರು. ಆ ವರ್ಷದಿಂದ ರಾಜ್ಯ ರಸ್ತೆ ಅಭಿವೃದ್ಧಿ ನಿಗಮವೂ ಸೇವ್‌ಲೈಫ್ ಫೌಂಡೇಶನ್ ಸಂಸ್ಥೆಯೂ ಕೂಡಿ ರಸ್ತೆಬದಿಯ ಬರಿಯ ಕಂಬ-ಗೋಡೆಗಳಿಗೆ ಲೋಹದ ತಡೆ ಅಳವಡಿಸಿ, ಅತಿವೇಗ ಮತ್ತು ಅಡ್ಡಾದಿಡ್ಡಿ ನಿಲುಗಡೆಯ ಮೇಲೆ ನಿಗಾ ಇಟ್ಟ ಬಳಿಕ, ಕೆಲವೇ ವರ್ಷಗಳಲ್ಲಿ ಸಾವಿನ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು.

ನಮ್ಮ ಮನೆಗಳ ಕಡೆಗೂ ಒಮ್ಮೆ ನೋಡೋಣ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದ 1,68,491 ಮಂದಿಯ ಪೈಕಿ ಸೀಟ್ ಬೆಲ್ಟ್ ಧರಿಸದವರು 16,715. ಅವರಲ್ಲಿ 8,331 ಮಂದಿ ಪ್ರಯಾಣಿಕರು. ಹಿಂದೆ ಕುಳಿತವರಿಗೂ ಬೆಲ್ಟ್ ಕಡ್ಡಾಯ, ತಪ್ಪಿದರೆ 1,000 ರೂಪಾಯಿ ದಂಡ. ಮಿಸ್ತ್ರಿ ದುರಂತದ ಬೆನ್ನಿಗೆ ಮುಂಬಯಿ ಸಂಚಾರ ಪೊಲೀಸರು 2022ರ ನವೆಂಬರಿನಿಂದ ಇದನ್ನು ಬಿಗಿಗೊಳಿಸಿದರೂ ವಾಶಿಯ ಟೋಲ್ ನಾಕಾ ದಾಟುತ್ತಲೇ ಹಿಂದಿನ ಬೆಲ್ಟುಗಳು ಸೀಟಿನ ಸಂದಿಗೆ ಮರಳುತ್ತವೆ. ಅಜ್ಜಿಗೆ ಸೀರೆ ಸುಕ್ಕಾಗುತ್ತದೆ; ಮೊಮ್ಮಗ ಮುಂದಿನ ಸೀಟಿನಲ್ಲಿ ಅಮ್ಮನ ಮಡಿಲಲ್ಲೇ ಆಗಬೇಕು; ಐದು ಜನರ ಕಾರಿನಲ್ಲಿ ಏಳು ಮಂದಿ. ಮರಳುವಾಗ ಹಿಂದಿನ ಗಾಜಿನ ಬಳಿ ಇರಿಸಿದ ಹಲಸಿನಹಣ್ಣು ಕೂಡ ಡಿಕ್ಕಿಯ ಕ್ಷಣದಲ್ಲಿ ಕಾರಿನದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಶುಕ್ರವಾರ ಕಚೇರಿ ಮುಗಿಸಿ ಅದೇ ರಾತ್ರಿ ಒಬ್ಬರೇ ಮಂಗಳೂರಿನವರೆಗೆ ಕಾರು ಓಡಿಸುವುದನ್ನು ಸಾಹಸವೆಂದು ಮೆಚ್ಚುವ ಬಂಧುಗಳೂ ಈ ಹೊಣೆಯಲ್ಲಿ ಪಾಲುದಾರರೇ.

ದೋಷವುಳ್ಳ ರಸ್ತೆಯೆಂದು ತಿಳಿದೂ ವೇಗ ತಗ್ಗಿಸದವರಿಗೆ ರಸ್ತೆಯನ್ನು ದೂರುವ ಹಕ್ಕು ಅರ್ಧವೇ ಉಳಿಯುತ್ತದೆ. ಆದರೆ ಆ ಅರ್ಧವನ್ನಾದರೂ ಚಲಾಯಿಸಬೇಕು. ಅಪಘಾತದ ಪಂಚನಾಮೆಗೆ ಸಹಿ ಹಾಕುವ ಮುನ್ನ ಚಾಚಿದ ಗೋಡೆ, ಬಣ್ಣವಿಲ್ಲದ ಹಂಪ್, ದೀಪವಿಲ್ಲದೆ ನಿಂತ ಲಾರಿ – ಇವುಗಳ ಉಲ್ಲೇಖವಿದೆಯೇ ಎಂದು ನೋಡುವುದು, ಚಿತ್ರ ತೆಗೆದಿಡುವುದು ಅಗತ್ಯ. ಪರಿಹಾರದ ಮೊಕದ್ದಮೆಯಲ್ಲಿ ಮುಂದೆ ಮಾತನಾಡುವುದು ಆ ಕಾಗದವೇ. ಅಪಘಾತಕ್ಕೆ ಮೊದಲೇ ಕಣ್ಣಿಗೆ ಬಿದ್ದ ಅಪಾಯವನ್ನು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ತಿಳಿಸಬಹುದು. ಕಿಲೋಮೀಟರ್ ಕಲ್ಲಿನ ಸಂಖ್ಯೆ, ದೂರಿತ್ತ ದಿನಾಂಕಗಳನ್ನು ಬರೆದಿಟ್ಟುಕೊಂಡಿದ್ದರೆ, ಮುಂದೆ ಆ ಜಾಗದಲ್ಲಿ ಯಾರದಾದರೂ ಕಾರು ಗೋಡೆಗೆ ಬಡಿದಾಗ ನಮಗೆ ಗೊತ್ತೇ ಇರಲಿಲ್ಲವೆಂದು ಹೇಳುವುದು ಪ್ರಾಧಿಕಾರಕ್ಕೆ ಅಷ್ಟು ಸುಲಭವಾಗದು.