ಮೀನಿನ ಮನೆಗೆ ಹೊರಡುವ ಮುನ್ನ

ಮಕ್ಕಳನ್ನು ಕಟ್ಟಿಕೊಂಡು ಒಂದು ದಿನದ ಪ್ರವಾಸ ಹೊರಡುವುದೆಂದರೆ ಮದುವೆಯ ದಿಬ್ಬಣ ಹೊರಡಿಸಿದಷ್ಟೇ ಗಡಿಬಿಡಿ. 2023ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ಮಗನ ಮನೆಯಲ್ಲಿದ್ದಾಗ, ಮಾಂಟೆರೇ ಕೊಲ್ಲಿಯ ದಡದಲ್ಲಿರುವ ಮತ್ಸ್ಯಾಲಯವನ್ನು ನೋಡಿಬರುವ ಮಾತು ಬಂತು. ಮೊಮ್ಮಗಳಿಗೆ ಆಗ ಆರು ವರ್ಷ, ಮೊಮ್ಮಗನಿಗೆ ಮೂರು. ಹೊರಡುವುದಕ್ಕೆ ನಾಲ್ಕು ದಿನ ಮುಂಚೆಯೇ ಮಗ ಒಂದು ಹಾಳೆಯನ್ನು ಮುದ್ರಿಸಿ ತಂದು ಊಟದ ಮೇಜಿನ ಮೇಲಿಟ್ಟ. ಯಾವ ತೊಟ್ಟಿಯ ಮುಂದೆ ಎಷ್ಟು ನಿಮಿಷ, ನೀರುನಾಯಿಗಳಿಗೆ ಆಹಾರ ಹಾಕುವುದನ್ನು ನೋಡಲು ಎಲ್ಲಿ ನಿಲ್ಲಬೇಕು, ಯಾರು ಯಾವ ಮಗುವಿನ ಕೈ ಹಿಡಿಯಬೇಕು, ಎಲ್ಲವೂ ಅದರಲ್ಲಿತ್ತು. ಮೂವತ್ತೈದು ವರ್ಷ ಶಾಲೆಯ ವೇಳಾಪಟ್ಟಿ ಬರೆದವನು ನಾನು. ಅಷ್ಟು ಬಿಗಿಯಾದದ್ದನ್ನು ನಾನೂ ಬರೆದಿರಲಿಲ್ಲ.

"ಇಷ್ಟೊಂದು ಯಾಕಪ್ಪಾ? ಎರಡು ತೊಟ್ಟಿ ನೋಡಿದರೆ ಸಾಲದೇ?" ಎಂದೆ.

ಸೊಸೆ ನಕ್ಕಳು. "ಮಾವ, ಟಿಕೇಟಿನ ಬೆಲೆ ಗೊತ್ತಾದರೆ ನೀವು ಹೀಗೆ ಹೇಳೋದಿಲ್ಲ" ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಮಗ ನಗಲಿಲ್ಲ. "ನನ್ನ ಮಕ್ಕಳು ಎಲ್ಲಾನೂ ಸರಿಯಾಗಿ ನೋಡಬೇಕು ಅಪ್ಪ. ನನಗೆ ಮೀನು ತೋರಿಸೋಕೆ ಅಂತ ಕರೆದುಕೊಂಡು ಹೋದಾಗ ನನಗೆ ಕಂಡಿದ್ದು ದೊಡ್ಡ ಹುಡುಗರ ಬೆನ್ನು ಮಾತ್ರ" ಎಂದ. ಅಷ್ಟು ಹೇಳಿ ಎದ್ದು ಒಳಗೆ ಹೋದ.

ಯಾವ ಪ್ರವಾಸವೆಂದು ನಾನು ಕೇಳಬೇಕಾಗಿರಲಿಲ್ಲ. 1987ರಲ್ಲಿ ನಮ್ಮ ಮಾಧ್ಯಮಿಕ ಶಾಲೆಯ ನಲವತ್ತಾರು ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ದಿದ್ದೆ. ಏಳು ವರ್ಷದ ಮಗನನ್ನೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಬೆಳಿಗ್ಗೆ ವಿಧಾನಸೌಧ, ಆಮೇಲೆ ವಸ್ತುಸಂಗ್ರಹಾಲಯ, ಸಂಜೆಯೊಳಗೆ ಲಾಲ್‌ಬಾಗ್. ನಡುವೆ ಕಸ್ತೂರಬಾ ರಸ್ತೆಯ ಸರ್ಕಾರಿ ಮತ್ಸ್ಯಾಲಯ. ಅದು ಆರಂಭವಾಗಿದ್ದುದೇ 1983ರಲ್ಲಿ, ಹಾಗಾಗಿ ನಮ್ಮ ಕಡೆಯ ಶಾಲೆಗಳಿಗೆಲ್ಲ ಹೊಸ ಆಕರ್ಷಣೆ. ಅದಕ್ಕೆ ನಾನು ಕೊಟ್ಟ ಅವಧಿ ಹದಿನೈದು ನಿಮಿಷ. ಸಾಲು ತಪ್ಪಬಾರದು, ಗಾಜು ಮುಟ್ಟಬಾರದು, ಮಾತಾಡಬಾರದು. ಏಳನೆಯ ತರಗತಿಯ ಒಬ್ಬ ಹುಡುಗ ಒಂದು ತೊಟ್ಟಿಯ ಮುಂದೆ ನಿಂತವನು ಕದಲಲಿಲ್ಲ. ಕೂಗಿದೆ, ಕೇಳಿಸಲಿಲ್ಲ. ಹತ್ತಿರ ಹೋದಾಗ, "ಸಾರ್, ಇದು ಕಣ್ಣೇ ಮುಚ್ಚಲ್ವಲ್ಲ, ನಿದ್ದೆ ಹೆಂಗೆ ಮಾಡುತ್ತೆ?" ಎಂದ. ನಾನು ಉತ್ತರ ಹೇಳಲಿಲ್ಲ. ಕೆನ್ನೆಗೆ ಒಂದು ಏಟು ಕೊಟ್ಟು ಸಾಲಿಗೆ ನೂಕಿದೆ. ಬಸ್ಸು ಕಾಯುತ್ತಿತ್ತು ಎಂಬುದು ಆಗ ನನಗೆ ಸಾಕಾಗುವಷ್ಟು ದೊಡ್ಡ ಕಾರಣವಾಗಿ ಕಂಡಿತ್ತು. ನಿಜ ಹೇಳಬೇಕೆಂದರೆ ಉತ್ತರ ನನಗೆ ಗೊತ್ತೂ ಇರಲಿಲ್ಲ. ಮೀನುಗಳಲ್ಲಿ ಬಹುಪಾಲಿನವಕ್ಕೆ ರೆಪ್ಪೆಗಳೇ ಇಲ್ಲ, ಅವು ಕಣ್ತೆರೆದುಕೊಂಡೇ ನಿಶ್ಚಲವಾಗಿ ವಿಶ್ರಮಿಸುತ್ತವೆ ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ತಡವಾಗಿ.

ಆದ್ದರಿಂದ ಈ ವಿಷಯದಲ್ಲಿ ನನಗೊಂದು ಖಚಿತವಾದ ಅಭಿಪ್ರಾಯವಿದೆ. ಚಿಕ್ಕ ಮಕ್ಕಳೊಡನೆ ಮತ್ಸ್ಯಾಲಯಕ್ಕೆ ಹೊರಡುವವರು, ನೋಡದೆ ಬಿಡಬೇಕಾದವುಗಳ ಪಟ್ಟಿಯನ್ನು ಮೊದಲು ಬರೆಯಬೇಕು. ಮಗ ದಿನವಿಡೀ ಎಲ್ಲವನ್ನೂ ತೋರಿಸಹೊರಟದ್ದು ನನ್ನ ಹದಿನೈದು ನಿಮಿಷಕ್ಕೆ ಪರಿಹಾರವಾಗಿರಲಿಲ್ಲ. ಅದು ಅದೇ ಆತುರದ ಇನ್ನೊಂದು ಮುಖವಾಗಿತ್ತು. ಅದನ್ನು ಅವನಿಗೆ ಹೇಳುವ ನೈತಿಕ ಹಕ್ಕು ಮಾತ್ರ ನನಗಿರಲಿಲ್ಲ. ಸುಮ್ಮನಾದೆ.

ಸನಿವೇಲ್‌ನಿಂದ ಮಾಂಟೆರೇಗೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ದಾರಿಯಲ್ಲಿ ಸಿಗುವ ಗಿಲ್ರಾಯ್ ಎಂಬ ಊರು ಬೆಳ್ಳುಳ್ಳಿಗೆ ಹೆಸರಾದದ್ದು. ಮತ್ಸ್ಯಾಲಯದ ಕಟ್ಟಡವಿರುವ ಜಾಗದಲ್ಲಿ ಹಿಂದೆ ಸಾರ್ಡೀನ್ ಮೀನುಗಳನ್ನು, ಅಂದರೆ ನಮ್ಮ ಕರಾವಳಿಯ ಬೂತಾಯಿಯ ಬಳಗದವುಗಳನ್ನು, ಡಬ್ಬಿಗೆ ತುಂಬುವ ಕಾರ್ಖಾನೆ ಇತ್ತಂತೆ. ಕೊಲ್ಲಿಯಲ್ಲಿ ಆ ಮೀನುಗಳು ಬರಿದಾಗಿ, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಇದೂ 1973ರಲ್ಲಿ ಬಾಗಿಲು ಹಾಕಿತು. 1984ರಲ್ಲಿ ಅದೇ ಜಾಗದಲ್ಲಿ ಮತ್ಸ್ಯಾಲಯ ತೆರೆಯಿತು. ಹಳೆಯ ಬಾಯ್ಲರುಗಳನ್ನು ಒಳಗೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಮಕ್ಕಳಿಗೆ ಅವು ಬೇಡ. ನನ್ನಂಥವನಿಗೆ ಅಲ್ಲಿಯೇ ಅರ್ಧ ಗಂಟೆ ಹಿಡಿಯಿತು.

ಮಗನ ಹಾಳೆ ಮೊದಲ ಅರ್ಧ ಗಂಟೆಯಲ್ಲಿಯೇ ಸೋತಿತು. ಜೆಲ್ಲಿ ಮೀನುಗಳ ಕತ್ತಲ ಕೋಣೆಯನ್ನು ಹೊಕ್ಕೊಡನೆ ಮೊಮ್ಮಗ ಚೀರಿ ಅಳತೊಡಗಿದ. ಕತ್ತಲೆಗೆ ಹೆದರುವ ಮಗುವಿದ್ದರೆ ಇಂಥ ಕೋಣೆಗಳಿಗೆ ಮೊದಲು ಒಬ್ಬರು ದೊಡ್ಡವರು ಹೋಗಿ ನೋಡಿ ಬರುವುದು ಲೇಸು. ಅವನನ್ನೆತ್ತಿಕೊಂಡು ಸೊಸೆ ಹೊರಬಂದಳು, ನಾವೂ ಬಂದೆವು. ನಿಂತದ್ದು ಕೆಲ್ಪ್ ಎಂಬ ಸಮುದ್ರದ ಪಾಚಿಯ ಕಾಡಿನ ಎದುರು.

ಅದೊಂದು 28 ಅಡಿ ಎತ್ತರದ ತೊಟ್ಟಿ. ನೋಡಲು ಗಿಡದಂತಿರುವ ಕೆಲ್ಪ್ ಒಂದು ಬಗೆಯ ಕಂದು ಪಾಚಿ. ಅದಕ್ಕೆ ಮಣ್ಣಿನ ಬೇರಿಲ್ಲ, ಬಂಡೆಯನ್ನು ಹಿಡಿದುಕೊಂಡು ಮೇಲೇಳುತ್ತದೆ. ಸಮುದ್ರದಲ್ಲಿ ಅನುಕೂಲ ಒದಗಿದರೆ ದಿನಕ್ಕೆ ಒಂದಡಿಗೂ ಮಿಕ್ಕಿ ಬೆಳೆಯಬಲ್ಲದು. ಅದಕ್ಕೆ ಬಿಸಿಲು ಬೇಕು, ಹಾಗಾಗಿ ತೊಟ್ಟಿಯ ಮೇಲ್ಭಾಗ ಆಕಾಶಕ್ಕೆ ತೆರೆದಿದೆ. ಅಲೆಯ ತುಯ್ತವೂ ಬೇಕು, ಹಾಗಾಗಿ ಯಂತ್ರವೊಂದು ನೀರನ್ನು ಸದಾ ತೂಗುತ್ತಿರುತ್ತದೆ. ನೀರು ಪಕ್ಕದ ಕೊಲ್ಲಿಯದೇ. ಹಗಲಿನಲ್ಲಿ ನೋಡುವವರಿಗಾಗಿ ಸೋಸಿ ಬಿಡುತ್ತಾರೆ. ರಾತ್ರಿ ಸೋಸದೆ ಬಿಡುವುದರಿಂದ ಸಮುದ್ರದ ಸೂಕ್ಷ್ಮಜೀವಿಗಳು ಒಳಬಂದು ತೊಟ್ಟಿಯ ಜೀವಿಗಳಿಗೆ ಆಹಾರವಾಗುತ್ತವೆ. ಇದಿಷ್ಟನ್ನೂ ನಾನು ಫಲಕ ಓದಿ ಮಕ್ಕಳಿಗೆ ಪಾಠ ಮಾಡಲು ಬಾಯಿ ತೆರೆದೆ, ಹಳೆಯ ಅಭ್ಯಾಸ. ನನ್ನಾಕೆ ತೋಳು ತಿವಿದಳು. ಮೊಮ್ಮಗ ಅಳು ನಿಲ್ಲಿಸಿ ನೆಲದ ಮೇಲೆ ಕುಳಿತಿದ್ದ. ಬೆಳ್ಳಿಯ ಬಣ್ಣದ ಮೀನುಗಳು ಗುಂಪಾಗಿ ತಿರುಗಿದಾಗಲೆಲ್ಲ ಅವನ ತಲೆಯೂ ತಿರುಗುತ್ತಿತ್ತು.

ಮೊಮ್ಮಗಳು ನನ್ನ ಅಂಗಿಯನ್ನು ಜಗ್ಗಿ, "ತಾತ, ಪುರಿ ತಂದಿದ್ದೀಯಾ?" ಎಂದಳು. ಎರಡು ವರ್ಷ ಹಿಂದೆ ಊರಿಗೆ ಬಂದಿದ್ದಾಗ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಪುರಿ ಹಾಕಿದ್ದನ್ನು ಅವಳು ಮರೆತಿರಲಿಲ್ಲ. ಅಲ್ಲಿ ಟಿಕೇಟಿಲ್ಲ, ಗಾಜಿಲ್ಲ, ಮಗುವಿನ ಕೈಯಳತೆಯಲ್ಲಿ ಮಾರುದ್ದದ ಮಾತಿರಲಿ, ಮೊಳದುದ್ದದ ಮೀನುಗಳಂತೂ ಧಾರಾಳ. ಊರಿನಲ್ಲಿರುವ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಅದನ್ನೇ ಎಂಬುದು ನನ್ನ ಮತ. ಆದರೆ ನೆನೆದ ಮೆಟ್ಟಿಲು ಜಾರುತ್ತದೆ. ಅಲ್ಲಿ ಮಗುವಿನ ಕೈಯನ್ನು ಬಿಡಲೇಬಾರದು. ಗಾಜಿನ ಮನೆಯ ದೊಡ್ಡ ಉಪಕಾರವೆಂದರೆ ಕೈಬಿಟ್ಟು ನಿಲ್ಲಿಸಬಹುದು. ಮೀನುಗಳನ್ನು ಹೀಗೆ ಕೂಡಿಹಾಕುವುದು ಸರಿಯೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೆ ತಾಯಿಯಿಂದ ಅಗಲಿದ ನೀರುನಾಯಿಯ ಮರಿಗಳನ್ನು ಇಲ್ಲಿನ ಹಿರಿಯ ಹೆಣ್ಣು ನೀರುನಾಯಿಗಳ ಜೊತೆಯಲ್ಲಿ ಬೆಳೆಸಿ ಮರಳಿ ಸಮುದ್ರಕ್ಕೆ ಬಿಡುತ್ತಾರೆಂದು ತಿಳಿದ ಮೇಲೆ, ಮನಸ್ಸು ಕೊಂಚ ಹಗುರಾಯಿತು.

ಕೆಲ್ಪ್ ತೊಟ್ಟಿಯ ಮುಂದೆ ನಾವು ಐವತ್ತು ನಿಮಿಷ ಕುಳಿತೆವು. ಮಗ ಎರಡು ಬಾರಿ ಹಾಳೆ ತೆಗೆದ; ನೀರುನಾಯಿಗಳ ಹೊತ್ತು ಮೀರಿತ್ತು. ಮಧ್ಯಾಹ್ನ ಹೊರಬಂದು ಸಮುದ್ರದ ಎದುರಿನ ಬೆಂಚಿನ ಮೇಲೆ ಕುಳಿತು ಮನೆಯಿಂದ ತಂದ ಚಿತ್ರಾನ್ನ, ಮೊಸರನ್ನಗಳನ್ನು ಉಂಡೆವು. (ಚಿಕ್ಕವರಿದ್ದಾಗ ಊಟದ ಡಬ್ಬಿ, ಒಂದು ಜೊತೆ ಬಟ್ಟೆ, ಬೇಸಿಗೆಯಲ್ಲಿಯೂ ಚಳಿಯಿರುವ ಆ ಊರಿಗೆ ಸ್ವೆಟರು, ಇವು ಮೂರನ್ನು ಮಾತ್ರ ಯಾವ ಪಟ್ಟಿಯಿಂದಲೂ ಬಿಡಬೇಡಿ.) ಮೊಮ್ಮಗ ಉಣ್ಣುತ್ತಲೇ ನಿದ್ದೆ ಹೋದ. ಅವನ ನಿದ್ದೆಯ ಹೊತ್ತು ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

ಅವನು ಏಳುವ ತನಕ ಮಗನೂ ನಾನೂ ಬೆಂಚಿನ ಮೇಲೆ ಕುಳಿತೆವು. ಮೂವತ್ತಾರು ವರ್ಷ ಹಿಂದಿನ ಆ ದಿನದ ಬಗ್ಗೆ, ಆ ಹುಡುಗನ ಕೆನ್ನೆಯ ಬಗ್ಗೆ, ಮೊದಲ ಬಾರಿಗೆ ಅವನೊಡನೆ ಮಾತಾಡಿದೆ. ಅವನಿಗೆ ಎಲ್ಲವೂ ನೆನಪಿತ್ತು. "ಏಟಿನ ಶಬ್ದ ಕೇಳಿಸ್ತು ಅಪ್ಪ. ಅದಕ್ಕೇ ನಾನು ಮುಂದೆ ಹೋಗಿ ನೋಡೋಕೆ ಹೆದರಿದೆ" ಎಂದ.

ನಾನು ಸಮುದ್ರವನ್ನು ನೋಡುತ್ತ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಎದ್ದು, "ಅವನು ಅಮ್ಮನ ಹತ್ತಿರ ಮಲಗಿರಲಿ. ಬನ್ನಿ ಅಪ್ಪ, ಆ ತೊಟ್ಟಿಗೇ ಇನ್ನೊಂದು ಸಲ ಹೋಗೋಣ" ಎಂದ. ಮೊಮ್ಮಗಳು ಮುಂದೆ ಓಡಿದಳು.